ಕೈಗಡಿಯಾರದಲ್ಲಿ ಇಲ್ಲದ ವರ್ಷ

ಗಡಿಯಾರದ ಯಜಮಾನರು ಸ್ಕ್ರೂ ಅಕ್ಕನ ಅಂಗಡಿಗೆ ಮೊದಲ ಸಲ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸನ್ನು ಡಾಕ್ಟರ ಬಳಿಗೆ ತರುವಂತೆ ಎದೆಗವಚಿಕೊಂಡು ತಂದಿದ್ದರು. ಅದನ್ನು ಕೌಂಟರಿನ ಮೇಲೆ ಮಲಗಿಸಿ, ಟವೆಲು ಬಿಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ರೋಗಿಯ ಕಡೆಯವರು ಹೀಗೆ ನಿಲ್ಲುವುದನ್ನು ಅಕ್ಕ ಎಂಟು ವರ್ಷಗಳಿಂದ ನೋಡುತ್ತ ಬಂದಿದ್ದಳು.

ಆಕೆಗೆ ಆ ಅಡ್ಡಹೆಸರು ಬಂದದ್ದು ಅವಳ ಕೆಲಸದ ರೀತಿಯಿಂದ. ಯಾವ ಯಂತ್ರ ಬಿಚ್ಚಿದರೂ ಮೊದಲು ಒಂದು ದಪ್ಪ ರಟ್ಟಿನ ಮೇಲೆ ಅದರ ಆಕಾರವನ್ನು ಪೆನ್ಸಿಲಿನಿಂದ ಬರೆದುಕೊಳ್ಳುವಳು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ರಟ್ಟಿನಲ್ಲಿ ಅದರದರ ಜಾಗದಲ್ಲೇ ಚುಚ್ಚಿಡುವಳು. ಮುಚ್ಚುವಾಗ ರಟ್ಟು ಖಾಲಿಯಾಗಬೇಕು. ಎಂಟು ವರ್ಷಗಳಲ್ಲಿ ಒಂದೇ ಒಂದು ಸ್ಕ್ರೂ ಉಳಿದಿರಲಿಲ್ಲ. ಎದುರಿನ ಮೊಬೈಲ್ ಅಂಗಡಿಯವನಿಗೆ ಇದೊಂದು ತಮಾಷೆ. ಸಂಜೆ ಬಾಗಿಲು ಎಳೆಯುವ ಹೊತ್ತಿಗೆ ರಸ್ತೆಯಾಚೆಯಿಂದಲೇ, "ಏನಕ್ಕ, ಇವತ್ತು ಎಲ್ಲರೂ ಹಾಜರಾ?" ಎಂದು ಕೂಗುವನು. ಮೊದಮೊದಲು ಅವನು ಹೆಂಗಸಿನ ಕೈಗೆ ಯಂತ್ರ ಕೊಡುವವರನ್ನು ಕಂಡು ನಗುತ್ತಿದ್ದವನೇ. ಆಮೇಲೆ ತನ್ನ ಸ್ವಂತ ಲ್ಯಾಪ್‌ಟಾಪನ್ನೂ ಅಲ್ಲಿಗೇ ತಂದಿದ್ದ. ಆ ದಿನವನ್ನು ಅಕ್ಕ ಮರೆತಿರಲಿಲ್ಲ.

ಯಜಮಾನರು ಐವತ್ತು ವರ್ಷ ಕೈಗಡಿಯಾರಗಳನ್ನು ರಿಪೇರಿ ಮಾಡಿದವರು. ಬೆರಳು ನಡುಗಲು ಶುರುವಾದ ಮೇಲೆ ಬೆಂಚಿನಿಂದ ಎದ್ದರು. ಕೈಗೆ ಬಂದದ್ದು ಕೈಯೊಂದಿಗೇ ಹೋಗಬಾರದೆಂದು ತಮ್ಮ ಕಸುಬಿನ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಆರು ಅಧ್ಯಾಯ ಮುಗಿಸಿದ್ದರು. ಏಳನೆಯದು ಕೂದಲೆಳೆಯಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗನ್ನು ಕುರಿತದ್ದು. ಅಲ್ಲಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

"ಅಕ್ಷರ ತೀರ ಸಣ್ಣದಾಗಿ ಕಾಣ್ತಿತ್ತಮ್ಮ. ದೊಡ್ಡದು ಮಾಡೋಣ ಅಂತ ಶುರುವಾಗುವಾಗಲೇ ಏನೇನೋ ಒತ್ತಿದೆ. ಒಂದು ನೀಲಿ ಪುಟ ಬಂತು. ಅಲ್ಲೂ ಒತ್ತಿದೆ."

"ಒಳ್ಳೇದು ಮಾಡಿದ್ರಿ," ಎಂದಳು ಅಕ್ಕ. "ನಮ್ಮ ಹೊಟ್ಟೆಪಾಡು ನಡೀಬೇಕಲ್ಲ."

ಯಜಮಾನರಿಗೆ ನಗು ಬಂತು. ಅಲ್ಲಿಂದಲೇ ಇಬ್ಬರಿಗೂ ಹೊಂದಿಕೊಂಡಿತು.

ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಪರದೆಯಲ್ಲಿ ಮಾತ್ರ ಏನೂ ಮೂಡುತ್ತಿರಲಿಲ್ಲ. ಅಕ್ಕ ದೊಡ್ಡ ಮಾನಿಟರೊಂದಕ್ಕೆ ತಂತಿ ಕೊಟ್ಟು ನೋಡಿದಳು. ಅಲ್ಲಿ ಚಿತ್ರ ಬಂತು, ಆದರೆ ಮೂಲೆಗೆ ಒತ್ತರಿಸಿ, ಅರ್ಧ ಕತ್ತರಿಸಿಹೋಗಿತ್ತು. ಪರದೆ ಕೆಟ್ಟಿಲ್ಲವೆಂದು ಅವಳಿಗೆ ಅರ್ಥವಾಯಿತು. ಯಂತ್ರ ಪೂರ್ತಿ ಎಚ್ಚರಾಗುವ ಮೊದಲೇ ಓದಿಕೊಳ್ಳುವ ಒಂದಿಷ್ಟು ಸೆಟ್ಟಿಂಗುಗಳಿರುತ್ತವೆ. ರಿಪೇರಿಯವರು ಅವನ್ನು ಬಯಾಸ್ ಎನ್ನುತ್ತಾರೆ. ಯಜಮಾನರ ಬೆರಳು ಅಲ್ಲಿಗೇ ಹೋಗಿ, ಚಿತ್ರವನ್ನೆಲ್ಲ ಹೊರಗಿನ ಪರದೆಗೆ ಕಳಿಸೆಂದು ಅಪ್ಪಣೆ ಮಾಡಿಬಿಟ್ಟಿತ್ತು. ಆ ಸೆಟ್ಟಿಂಗುಗಳನ್ನೆಲ್ಲ ಅಳಿಸಿ ಹುಟ್ಟಿದಾಗ ಇದ್ದ ಸ್ಥಿತಿಗೆ ತರುವುದೊಂದೇ ದಾರಿ.

ಅವಳು ಚಾರ್ಜರು ಕಿತ್ತು, ಬ್ಯಾಟರಿ ತೆಗೆದು, ರಟ್ಟಿನಲ್ಲಿ ಹನ್ನೊಂದು ಸ್ಕ್ರೂ ಚುಚ್ಚಿ, ಬೆನ್ನಿನ ಮುಚ್ಚಳ ಎತ್ತಿದಳು. ಒಳಗೆ ನಾಣ್ಯದಂಥ ಒಂದು ಸೆಲ್ ಇತ್ತು, ಕೈಗಡಿಯಾರದ ಸೆಲ್ಲಿನದೇ ರೂಪ. ಅದನ್ನು ಕಂಡದ್ದೇ ಯಜಮಾನರು ಕೌಂಟರಿನ ಮೇಲೆ ಬಾಗಿದರು.

"ಅರೆ, ಇವನು ನಮ್ಮ ಮನೆ ಕಡೆಯವನು. ಇಲ್ಲೇನು ಮಾಡ್ತಿದ್ದಾನೆ?"

ಯಂತ್ರ ಆರಿದ್ದಾಗಲೂ ಈ ಸೆಲ್ಲೇ ಸೆಟ್ಟಿಂಗುಗಳನ್ನೂ ಗಂಟೆ ತಾರೀಖುಗಳನ್ನೂ ಕಾಯುತ್ತಿರುತ್ತದೆ ಎಂದು ಅಕ್ಕ ವಿವರಿಸಿದಳು. ಅದನ್ನು ಎತ್ತಿಟ್ಟು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ಚೂರುಪಾರು ವಿದ್ಯುತ್ತನ್ನು ಹೋಗಗೊಟ್ಟಳು.

"ಅಂದ್ರೆ ಈಗ ಇದಕ್ಕೆ ಎಲ್ಲ ಮರೆತುಹೋಯ್ತಾ?"

"ಎಲ್ಲ ಅಲ್ಲ. ನಿಮ್ಮ ಪುಸ್ತಕ ಬೇರೆ ಕಡೆ ಭದ್ರವಾಗಿದೆ. ಇವತ್ತು ಯಾವ ದಿನ ಅನ್ನೋದು ಮಾತ್ರ ಗೊತ್ತಿರಲ್ಲ. ನಾವೇ ನೆನಪು ಮಾಡಿಸ್ಬೇಕು."

ಹತ್ತು ನಿಮಿಷ ಬಿಟ್ಟು ಸೆಲ್ಲನ್ನು ಕೂರಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಯಜಮಾನರು ಉಸಿರು ಬಿಟ್ಟದ್ದು ಕೌಂಟರಿನಾಚೆಗೂ ಕೇಳಿಸಿತು. ನೀಲಿ ಪುಟದಲ್ಲಿ ಯಂತ್ರ ತಾನು ತಯಾರಾದ ವರ್ಷದ ಮೊದಲ ದಿನವನ್ನು ತೋರಿಸುತ್ತ ಕುಳಿತಿತ್ತು. ಅಕ್ಕ ಗೋಡೆ ಗಡಿಯಾರ ನೋಡಲು ತಲೆಯೆತ್ತುವಷ್ಟರಲ್ಲಿ ಯಜಮಾನರು ತೋಳು ಚಾಚಿದರು.

"ಅದು ನಾಲ್ಕು ನಿಮಿಷ ಹಿಂದಿದೆ. ನನ್ನದನ್ನ ನೋಡಿ ಇಡು."

ಅವರ ಮಣಿಕಟ್ಟಿನಲ್ಲಿದ್ದುದು ಕೀಲಿ ಕೊಡುವ ಹಳೆಯ ಗಡಿಯಾರ, ಅವರೇ ಜೋಡಿಸಿದ್ದು. ಅದರ ಮುಖದಲ್ಲಿ ತಾರೀಖಿಗೊಂದು ಪುಟ್ಟ ಕಿಟಕಿ ಇತ್ತು. ಅಕ್ಕ ತಿಂಗಳನ್ನು ಬರೆದು, ಕಿಟಕಿ ನೋಡಿ ತಾರೀಖು ಬರೆದು, ಮುಳ್ಳು ನೋಡಿ ಗಂಟೆ ನಿಮಿಷ ಬರೆದಳು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಇಬ್ಬರೂ ಉಸಿರು ಹಿಡಿದು ಕಾದರು. ಅವರು "ಹೂಂ" ಎಂದ ಕೂಡಲೇ ಅವಳು ಕೀಲಿ ಒತ್ತಿದಳು. ಅಂಥ ಕರಾರುವಾಕ್ಕು ಕೆಲಸ ಆ ಕೌಂಟರಿನ ಮೇಲೆ ಹಿಂದೆ ನಡೆದಿರಲಿಲ್ಲ.

ಕೈಗಡಿಯಾರದಲ್ಲಿ ವರ್ಷ ಇರುವುದಿಲ್ಲ. ಅದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಯಜಮಾನರು ಯಂತ್ರಕ್ಕೆ ಇಂಟರ್ನೆಟ್ ಕೊಟ್ಟವರಲ್ಲ. ಗಡಿಯಾರ ಬಿಚ್ಚಿಟ್ಟ ಬೆಂಚಿನ ಬಳಿ ಧೂಳು ಬಂದೀತೆಂದು ಕಿಟಕಿ ತೆರೆಯದ ಹಳೆಯ ಅಭ್ಯಾಸ. ಕೊಟ್ಟಿದ್ದರೆ ಯಂತ್ರ ತಾನೇ ತನ್ನ ತಪ್ಪು ತಿದ್ದಿಕೊಳ್ಳುತ್ತಿತ್ತು. ಅಂದು ಹನ್ನೊಂದು ಸ್ಕ್ರೂಗಳೂ ತಮ್ಮ ತಮ್ಮ ಜಾಗ ಸೇರಿದವು. ರಟ್ಟು ಖಾಲಿಯಾಯಿತು.

ಮೂರು ವಾರ ತುಂಬುವ ಮೊದಲೇ, ಒಂದು ಸೋಮವಾರ, ಅವರು ಮತ್ತೆ ಬಂದರು. ಈ ಸಲ ಯಂತ್ರವನ್ನು ಹೊತ್ತಿದ್ದವಳು ಅವರ ಮಗಳು. ಆಕೆ ಆಸ್ಪತ್ರೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು, ಮಾತು ಚುರುಕು. ತಂದೆ ಹಿಂದೆ ನಿಂತಿದ್ದರು. ಮೊದಲ ಸಲದ ಹಾಗೆ ಕೌಂಟರಿಗೆ ಬಾಗಲಿಲ್ಲ.

ಅವರ ಬರವಣಿಗೆಗೆ ಒಂದು ಕ್ರಮವಿತ್ತು. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಗಡಿಯಾರ ಇರಬೇಕೆನ್ನುವವರು ಯಂತ್ರದಲ್ಲೂ ಒಂದೇ ಪ್ರತಿ ಇಡುತ್ತಿದ್ದರು. ಸೋಮವಾರ ಹಳೆಯ ಪ್ರತಿಯನ್ನು ತೆರೆದು, ಹೊಸ ಹೆಸರಿನಲ್ಲಿ ಉಳಿಸಿಕೊಂಡು, ವಾರವಿಡೀ ಅದರಲ್ಲೇ ಬರೆಯುವರು. ಶನಿವಾರ ಪಟ್ಟಿ ತೆರೆದರೆ, ತಾರೀಖಿನ ಕ್ರಮದಲ್ಲಿ, ಹೊಸದು ಮೇಲೆ, ಹಳೆಯದು ಕೆಳಗೆ. ಕೆಳಗಿನದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮುಚ್ಚಳ ಮಡಿಚುವರು. ಸಣ್ಣ ಅಕ್ಷರದ ಹೆಸರುಗಳನ್ನು ಓದುವ ಗೋಜಿಲ್ಲ, ಮೇಲಿನದು ಇರಬೇಕು, ಕೆಳಗಿನದು ಹೋಗಬೇಕು.

ಆದರೆ ರಿಪೇರಿಯಾದ ಮೇಲಿನ ಮೊದಲ ಸೋಮವಾರ ತೆರೆದಾಗ ಸ್ಪ್ರಿಂಗಿನ ಅಧ್ಯಾಯವೇ ಇರಲಿಲ್ಲ. ಉಳಿಸುವುದನ್ನು ಮರೆತೆನೆಂದುಕೊಂಡು ಮತ್ತೆ ಬರೆದರು. ಮುಂದಿನ ಸೋಮವಾರವೂ ಇರಲಿಲ್ಲ. ಹಲ್ಲು ಕಚ್ಚಿ ಮೂರನೆಯ ಸಲ ಬರೆದರು. ಇವತ್ತು ಬೆಳಿಗ್ಗೆ ಅದೂ ಇರಲಿಲ್ಲ.

"ಬರೆದದ್ದು ನನಗೆ ಸಾಲು ಸಾಲು ನೆನಪಿದೆ," ಎಂದರು ಯಜಮಾನರು. "ಅಥವಾ ಬರೆದ ಹಾಗೆ ನೆನಪಿದೆ."

ಮಗಳು ದನಿ ತಗ್ಗಿಸಿದಳು. ತನ್ನ ದೊಡ್ಡಪ್ಪ, ಎಂದರೆ ಇವರ ಅಣ್ಣ, ಕಡೆಗಾಲದಲ್ಲಿ ತಮ್ಮ ಹೆಸರನ್ನೇ ಇವರ ಬಳಿ ಕೇಳುತ್ತಿದ್ದರಂತೆ. ಅದೂ ಹೀಗೇ ಶುರುವಾಗಿತ್ತಂತೆ. ಆಮೇಲೆ ಅವಳು ನೇರವಾಗಿ ಕೇಳಿದಳು: "ಅಕ್ಕ, ನೀವೊಂದು ಸಲ ನೋಡಿ ಹೇಳಿಬಿಡಿ. ತಪ್ಪು ಮೆಷಿನ್ದಾ, ಅಪ್ಪಂದಾ?"

ಅಕ್ಕ ಯಂತ್ರ ತೆರೆದಳು. ಕೆಳಗಿನ ಮೂಲೆಯಲ್ಲಿ ಸಾಸಿವೆ ಗಾತ್ರದ ಅಂಕಿಗಳಲ್ಲಿ ತಾರೀಖು, ತಿಂಗಳು ಸರಿಯಾಗಿದ್ದವು. ವರ್ಷ ಮಾತ್ರ ಒಂಬತ್ತು ವರ್ಷ ಹಿಂದಿನದು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಿಪೇರಿಯ ನಂತರ ಬರೆದದ್ದೆಲ್ಲ ಒಂಬತ್ತು ವರ್ಷ ಹಳೆಯದೆಂಬ ಮುದ್ರೆ ಹೊತ್ತು ಪಟ್ಟಿಯ ತಳಕ್ಕೆ ಇಳಿದಿತ್ತು. ಯಜಮಾನರು ಪ್ರತಿ ಶನಿವಾರ, ತಮ್ಮ ಕ್ರಮ ತಪ್ಪದೆ, ಹೊಸದನ್ನೇ ಅಳಿಸಿ ಹಳೆಯದನ್ನು ಕಾಪಾಡಿದ್ದರು.

ಅಷ್ಟು ಹೊತ್ತಿಗೆ ಮೊಬೈಲ್ ಅಂಗಡಿಯವನು ಚಿಲ್ಲರೆ ಕೇಳಿಕೊಂಡು ಒಳಗೆ ಬಂದವನು, ಮಾತು ಗಂಭೀರವಾಗಿದೆಯೆಂದು ಕಂಡು, ಹೋಗದೆ ಕಂಬಕ್ಕೊರಗಿ ನಿಂತಿದ್ದ. ಅಕ್ಕನ ಕಣ್ಣು ಅವನ ಕಡೆಗೊಮ್ಮೆ ಹೋಯಿತು. ಎಂಟು ವರ್ಷ, ಒಂದೂ ಉಳಿಯದ ಸ್ಕ್ರೂ. ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಒರೆಸುವಷ್ಟು ಹೊತ್ತಿನಲ್ಲಿ ಅವಳು ವರ್ಷವನ್ನು ತಿದ್ದಿಬಿಟ್ಟಳು.

"ಮೆಷಿನ್ ಚೆನ್ನಾಗಿದೆ," ಎಂದಳು.

ಅದು ಆ ಗಳಿಗೆಗೆ ನಿಜವೂ ಆಗಿತ್ತು. ಯಜಮಾನರು ಕನ್ನಡಕ ಹಾಕಿಕೊಂಡು ತಲೆಯಾಡಿಸಿದರು. ಉತ್ತರ ಮೊದಲೇ ಗೊತ್ತಿದ್ದವರ ಹಾಗೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಏನಾದರೂ ಮಾಡಿಕೊಡಿ ಎಂದು ಮಗಳು ಒತ್ತಾಯಿಸಿದಾಗ ಅಕ್ಕ ಬರಿಗೈಯಲ್ಲಿ ಕಳಿಸಲಾರದೆ, ಒಂದು ಗಂಟೆ ಕುಳಿತು ಹೊಸ ಅಪ್‌ಡೇಟುಗಳನ್ನೆಲ್ಲ ತುಂಬಿಸಿ, ಯಂತ್ರವನ್ನು ಚುರುಕು ಮಾಡಿಕೊಟ್ಟಳು. ಅಳಿಸಿದ ಬರಹ ಡಿಸ್ಕಿನಲ್ಲಿ ಸ್ವಲ್ಪ ಕಾಲ ಉಳಿದಿರುತ್ತದೆ, ಅದರ ಮೇಲೆ ಬೇರೇನಾದರೂ ಬರೆದರೆ ಮಾತ್ರ ನಿಜವಾಗಿ ಹೋಗುತ್ತದೆ ಎಂಬುದು ಅವಳಿಗೆ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿ ತಿಳಿದಿತ್ತು. ತಿಳಿದೂ ತುಂಬಿಸಿದಳು. ಆ ಒಂದು ಗಂಟೆ ಅವಳನ್ನು ಮುಂದೆ ಬಹಳ ಕಾಡಿತು.

ಅಂದಿನಿಂದ ಅವಳಿಗೆ ಅಂಗಡಿಯಲ್ಲಿ ಕುಳಿತರೆ ಮುಳ್ಳಿನ ಮೇಲೆ ಕುಳಿತಂತೆ. ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿರುವುದು ಕಣ್ಣಿಗೆ ಬಿದ್ದಾಗಲೆಲ್ಲ ಮುಖ ಬಿಸಿಯಾಗುವುದು. ಅದನ್ನು ಸರಿಮಾಡಲು ಸ್ಟೂಲು ಹತ್ತಿದವಳು ಕೈ ಬಾರದೆ ಇಳಿದಳು. ನಾಳೆ ಹೋಗಿ ಹೇಳುತ್ತೇನೆ ಎಂದುಕೊಳ್ಳುವಳು. ನಾಳೆಯಾದರೆ, ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಕೇಳುವರಲ್ಲ ಎಂಬ ಭಯಕ್ಕೆ ಇನ್ನೊಂದು ದಿನದ ಬಲ ಬಂದಿರುತ್ತಿತ್ತು.

ಅವಳ ತಾಯಿ ಬಟ್ಟೆ ಮಡಿಚುತ್ತ ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು. "ವಾರದಿಂದ ನಿನ್ನ ಮುಖ ನೋಡ್ತಿದ್ದೀನಿ. ಯಾರಿಗೆ ಏನಂದೆ?"

"ಯಾರಿಗೂ ಏನೂ ಅಂದಿಲ್ಲಮ್ಮ."

"ಹಾಗಾದ್ರೆ ಅನ್ನಬೇಕಾದ್ದನ್ನ ಅಂದಿಲ್ಲ."

ಅಕ್ಕ ಊಟದ ಡಬ್ಬಿಯನ್ನೂ ಮರೆತು ಹೊರಟುಹೋದಳು.

ಎರಡು ವಾರ ಕಳೆದ ಮೇಲೆ, ಬುಧವಾರ ಬೆಳಿಗ್ಗೆ, ಮಗಳೊಬ್ಬಳೇ ಲ್ಯಾಪ್‌ಟಾಪು ಹಿಡಿದು ಬಂದಳು. ಇದರಲ್ಲಿರುವುದನ್ನೆಲ್ಲ ಒರೆಸಿ, ಬೇಕಾದವರಿಗೆ ಕೊಟ್ಟುಬಿಡಿ ಎಂದಳು. ಅಪ್ಪ ಇನ್ನು ಬರೆಯುವುದಿಲ್ಲವಂತೆ. ಚಿಮುಟ, ಭೂತಗನ್ನಡಿಗಳನ್ನೂ ಯಾರಿಗೋ ಕೊಟ್ಟಾಯಿತಂತೆ. ಮುಂದಿನ ವಾರ ಮರೆವಿನ ಡಾಕ್ಟರ ಬಳಿ ಕರೆದೊಯ್ಯಬೇಕು. ಅಲ್ಲಿಯವರೆಗೆ ತಾನು ಕೆಲಸಕ್ಕೆ ಹೋಗುವಾಗ ಒಲೆಯ ತಿರುಗುಗುಂಡಿಗಳನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದಳು. "ಬೆಂಕಿ ಹಚ್ಚಿ ಮರೆತುಬಿಟ್ರೆ ಏನು ಗತಿ ಅಕ್ಕ?" ಎನ್ನುತ್ತ ಚೀಲದೊಳಗಿಂದ ಅವುಗಳನ್ನು ತೋರಿಸಿದಳು. ಎರಡು ಕಪ್ಪು ಗುಂಡಿಗಳು, ಬೀಗದ ಕೈಗಳ ನಡುವೆ ಬಿದ್ದಿದ್ದವು.

ಅಕ್ಕ ಎದ್ದಳು. ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಅರ್ಧಕ್ಕೆ ಬಿಚ್ಚಿಟ್ಟ ಇನ್ನೊಂದರ ಸ್ಕ್ರೂಗಳನ್ನು ರಟ್ಟಿನಲ್ಲೇ ಬಿಟ್ಟು, ಅಂಗಡಿಯ ಬಾಗಿಲೆಳೆದಳು. "ನಡೀರಿ, ನಿಮ್ಮ ಮನೆಗೆ ಹೋಗೋಣ," ಎಂದಳು. ಏಕೆಂದು ಮಗಳು ದಾರಿಯುದ್ದಕ್ಕೂ ಕೇಳಿದಳು. ಅಕ್ಕ ನಡಿಗೆಯನ್ನು ಇನ್ನಷ್ಟು ಚುರುಕು ಮಾಡಿದಳು.

ಮೂರನೆಯ ಮಹಡಿಯ ಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಹನ್ನೆರಡು ಗಡಿಯಾರಗಳು, ಕೀಲಿ ಕೊಡದೆ ಒಂದೂ ನಡೆಯುತ್ತಿರಲಿಲ್ಲ. ಅವುಗಳ ಕೆಳಗೆ, ಕಪಾಟಿನ ಮೇಲೆ, ಬಾಗಿಲ ಹಿಂದೆ ಸಣ್ಣ ಸಣ್ಣ ಚೀಟಿಗಳು ಅಂಟಿದ್ದವು. ನಡುಗುವ ಅಕ್ಷರ. ‘ಬೆಳಗಿನ ಮಾತ್ರೆ ನುಂಗಿದೆ.’ ‘ನಲ್ಲಿ ನಿಲ್ಲಿಸಿದೆ.’ ‘ಮಗಳು ಆರು ಗಂಟೆಗೆ ಬರುತ್ತಾಳೆ.’ ಯಜಮಾನರು ಕುರ್ಚಿಯಲ್ಲಿ ಕುಳಿತು ಕೈಬೆರಳು ಎಣಿಸುತ್ತ ಏನನ್ನೋ ಗುನುಗುತ್ತಿದ್ದರು. ತಮ್ಮ ಹಳೆಯ ಗಿರಾಕಿಗಳ ಹೆಸರುಗಳನ್ನು ಒಪ್ಪಿಸಿಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಅಕ್ಕ ಕುಳಿತುಕೊಳ್ಳಲಿಲ್ಲ.

"ಯಜಮಾನ್ರೇ, ನಿಮಗೆ ಮರೆವಿಲ್ಲ. ನೀವು ಮೂರು ಸಲವೂ ಬರೆದಿದ್ದೀರಿ. ನಾನು ಮೆಷಿನ್‌ನಲ್ಲಿ ವರ್ಷ ಇಡೋದನ್ನ ಮರೆತಿದ್ದೆ."

ನಿಧಾನವಾಗಿ, ಒಂದೂ ಬಿಡದೆ ಹೇಳಿದಳು: ಸೆಲ್ ತೆಗೆದದ್ದು, ಕೈಗಡಿಯಾರ ನೋಡಿ ಸಮಯ ಇಟ್ಟದ್ದು, ಪಟ್ಟಿ ತಲೆಕೆಳಗಾದದ್ದು, ಶನಿವಾರಗಳಂದು ಹೊಸದೇ ಅಳಿಸಿಹೋದದ್ದು. ಯಜಮಾನರು ತಮ್ಮ ಮಣಿಕಟ್ಟಿನ ಗಡಿಯಾರವನ್ನೇ ನೋಡಿದರು. ಮುಖದಲ್ಲಿ ಏನೋ ಸಡಿಲವಾಗುತ್ತ ಬಂತು. ಕಣ್ಣು ತುಂಬಿದವು. ಅಕ್ಕನಿಗೆ ಬದುಕಿದೆ ಎನ್ನಿಸುವಷ್ಟರಲ್ಲಿ ಅವರು ತಲೆಯೆತ್ತಿದರು.

"ನಿನಗೆ ಯಾವಾಗ ಗೊತ್ತಾಯ್ತು?"

ಈಗ ತಾನೇ ಎನ್ನಬಹುದಾಗಿತ್ತು. ಆ ಮಾತು ತುಟಿಯವರೆಗೂ ಬಂದಿತ್ತು.

"ನೀವು ಎರಡನೇ ಸಲ ಬಂದಿರಲ್ಲ, ಆವತ್ತೇ. ವರ್ಷ ತಿದ್ದಿಬಿಟ್ಟು ಮೆಷಿನ್ ಚೆನ್ನಾಗಿದೆ ಅಂದೆ. ಆಮೇಲೆ ಅಪ್‌ಡೇಟ್ ಬೇರೆ ಹಾಕಿದೆ. ಹಾಕದೇ ಇದ್ದಿದ್ರೆ ಅಳಿಸಿದ್ದು ಪೂರ್ತಿ ಸಿಗ್ತಿತ್ತು."

"ಇವತ್ತಿಗೆ ಹದಿನಾರು ದಿನ," ಎಂದರು ಯಜಮಾನರು. ಲೆಕ್ಕ ಹಾಕಲು ಅವರಿಗೆ ಚೀಟಿ ಬೇಕಾಗಲಿಲ್ಲ. "ಮೊದಲನೇದು ಕೈತಪ್ಪು. ನನ್ನ ಕೈಯಲ್ಲೂ ಎಷ್ಟೋ ಆಗಿದೆ. ಎರಡನೇದು ಕೈ ಮಾಡಿದ್ದಲ್ಲಮ್ಮ."

ಮಗಳು ಸುಮ್ಮನಿರಲಿಲ್ಲ. ಅಪ್ಪನಿಗೂ ಅವನ ಅಣ್ಣನ ಗತಿಯೇ ಬಂತೆಂದು ನಂಬಿಸಿದಿರಿ, ಅವನ ಮನೆಯಲ್ಲೇ ಅವನು ಒಲೆ ಮುಟ್ಟದ ಹಾಗೆ ನನ್ನ ಕೈಯಲ್ಲಿ ಮಾಡಿಸಿದಿರಿ ಎಂದು ಅತ್ತು ಬೈದಳು. ಯಜಮಾನರು ಎದ್ದು, ಮಗಳ ಚೀಲಕ್ಕೆ ಕೈ ಹಾಕಿ ಎರಡು ಗುಂಡಿಗಳನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋದರು. ಗುಂಡಿ ಕೂರಿಸಿದ ಸದ್ದು, ಬೆಂಕಿ ಹೊತ್ತಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಚಹಾ ಹಿಡಿದು ಬಂದರು. ಕೈ ನಡುಗಿ ತಟ್ಟೆಗೆ ಚೆಲ್ಲಿತ್ತು. ಎರಡೇ ಲೋಟ. ಒಂದನ್ನು ಮಗಳಿಗೆ ಕೊಟ್ಟು, ಇನ್ನೊಂದನ್ನು ತಾವೇ ಕುಡಿದರು.

ಅಕ್ಕ ಯಂತ್ರವನ್ನು ಅಂಗಡಿಗೆ ಒಯ್ದು ಡಿಸ್ಕನ್ನು ನಾಲ್ಕು ದಿನ ಜಾಲಾಡಿದಳು. ಮೂರು ಸಲ ಬರೆದ ಅಧ್ಯಾಯದಲ್ಲಿ ಸಿಕ್ಕಿದ್ದು ಒಂಬತ್ತು ಪುಟಗಳ ಚೂರುಗಳು, ಕೆಲವು ಅರ್ಧ ಸಾಲಿಗೇ ನಿಂತಿದ್ದವು. ಅಷ್ಟನ್ನೂ ದಪ್ಪಕ್ಷರದಲ್ಲಿ ಮುದ್ರಿಸಿ ತೆಗೆದುಕೊಂಡು ಹೋದಳು. ಬಾಗಿಲು ತೆರೆದ ಯಜಮಾನರು ಹಾಳೆಗಳನ್ನು ಇಸಿದುಕೊಂಡು ಒಂದೊಂದಾಗಿ ಓದಿದರು.

"ನಾಲ್ಕನೇ ಸಲ ಬರೀಬೇಕು. ಬೆರಳು ಸೋತಿದೆ," ಎಂದರು.

"ನೀವು ಹೇಳಿ, ನಾನು ಟೈಪ್ ಮಾಡ್ತೀನಿ."

"ಮಾಡ್ದೇ ಎಲ್ಲಿಗೆ ಹೋಗ್ತೀಯ," ಎಂದರು ಅವರು. ಮುಖದಲ್ಲಿ ನಗುವಿರಲಿಲ್ಲ.

ಇದು ನಡೆದು ಒಂದೂವರೆ ವರ್ಷವಾಯಿತು. ಸ್ಕ್ರೂ ಅಕ್ಕನ ಅಂಗಡಿ ಈಗ ಸಂಜೆ ನಾಲ್ಕರಿಂದ ಒಂದು ಗಂಟೆ ಕಾಲ ಮುಚ್ಚಿರುತ್ತದೆ. ಆಕೆ ಮೂರನೆಯ ಮಹಡಿ ಹತ್ತಿ, ಹನ್ನೆರಡು ಗಡಿಯಾರಗಳ ಟಿಕ್ ಟಿಕ್ ನಡುವೆ ಕುಳಿತು, ಯಜಮಾನರು ಹೇಳಿದ್ದನ್ನು ಬರೆಯುತ್ತಾಳೆ. ಪುಸ್ತಕ ಹನ್ನೊಂದನೆಯ ಅಧ್ಯಾಯದಲ್ಲಿದೆ. ಮುಚ್ಚಳ ತೆರೆದ ಕೂಡಲೇ ಅವರು, "ಯಾವ ವರ್ಷಮ್ಮ ಇದು?" ಎಂದು ಕೇಳುವುದನ್ನು ಬಿಟ್ಟಿಲ್ಲ. ಮೊದಲೆಲ್ಲ ಅದು ಚಾಟಿಯಂತೆ ಬೀಳುತ್ತಿತ್ತು. ಈಗ ಅದರಲ್ಲಿ ಅರ್ಧ ತಮಾಷೆಯಿದೆ, ಆದರೂ ಪ್ರತಿ ಸಲ ಅವಳ ಕಿವಿ ಕೆಂಪಾಗುತ್ತದೆ. ಚಹಾದ ಮೂರನೆಯ ಲೋಟ ಯಾವತ್ತಿನಿಂದ ಬರತೊಡಗಿತೋ ಇಬ್ಬರಿಗೂ ನೆನಪಿಲ್ಲ. ಮಗಳು ಮಾತ್ರ ಇಂದಿಗೂ ಒಂದು ಮಾತಿಗೆ ಒಂದೇ ಮಾತು ಆಡುತ್ತಾಳೆ. ಅಕ್ಕನಿಗೆ ಅದು ನ್ಯಾಯವಾಗಿಯೇ ಕಾಣುತ್ತದೆ.

ಅಂಗಡಿಯಲ್ಲಿ ಯಾರ ಯಂತ್ರದ ಸೆಟ್ಟಿಂಗು ಅಳಿಸಿದರೂ, ಸ್ಕ್ರೂ ಬಿಗಿದ ಮೇಲೆ ಆಕೆ ಪರದೆಯನ್ನು ಗಿರಾಕಿಯ ಕಡೆಗೆ ತಿರುಗಿಸುತ್ತಾಳೆ. ತಾರೀಖು, ತಿಂಗಳು, ವರ್ಷವನ್ನು ಗಟ್ಟಿಯಾಗಿ ಓದಲು ಹೇಳುತ್ತಾಳೆ. ಕಾಲೇಜಿನವರು ನಗುತ್ತಾರೆ, ಅವಸರದವರು ಗೊಣಗುತ್ತಾರೆ. ಓದಿ ಮುಗಿಯುವವರೆಗೆ ಚಾರ್ಜರು ಮಾತ್ರ ಆಕೆಯ ಕೈಯಲ್ಲೇ ಇರುತ್ತದೆ. ಮೊಬೈಲ್ ಅಂಗಡಿಯವನು ಒಮ್ಮೆ, "ಸ್ಕ್ರೂ ಆಯ್ತು, ಈಗ ವರ್ಷಕ್ಕೂ ಹಾಜರಿ ಶುರುವಾಯ್ತಾ?" ಎಂದು ಕೇಳಿದ. ಅಕ್ಕ ಅವನನ್ನು ಒಳಗೆ ಕರೆದು, ಕೂರಿಸಿ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದಳು. ಅಂದಿನಿಂದ ಅವನು ಸಂಜೆ ರಸ್ತೆಯಾಚೆಯಿಂದ ಕೂಗುವುದಿಲ್ಲ. ತನ್ನ ಬಾಗಿಲು ಎಳೆದು, ಇವಳ ಬಾಗಿಲಿನ ಇನ್ನೊಂದು ತುದಿ ಹಿಡಿದು ಎಳೆದುಕೊಟ್ಟು ಹೋಗುತ್ತಾನೆ.